ಗಿಡಮೂಲಿಕೆಗೂ ಪುರಾವೆ ಬೇಕು

ನಡುವಯಸ್ಸಿನಲ್ಲಿ ನಿಶ್ಶಕ್ತಿಯೂ ದಾಂಪತ್ಯದಲ್ಲಿ ನಿರಾಸಕ್ತಿಯೂ ಕಾಣಿಸಿಕೊಂಡಾಗ ನಮ್ಮಲ್ಲಿ ಅನೇಕ ಪುರುಷರು ವೈದ್ಯರಿಗೆ ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಮನೆಯವರಿಗೂ ತಿಳಿಯದಂತೆ ಯಾವುದೋ ಚೂರ್ಣವನ್ನೋ ಮಾಜೂನನ್ನೋ ತರಿಸಿಕೊಳ್ಳುತ್ತಾರೆ. ಡಬ್ಬಿಯ ಮೇಲೆ ‘ಯುನಾನಿ’ ಎಂದು ಬರೆದಿದ್ದರೆ ಸಾಕು, ಮತ್ತೆ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ.

ಆದರೆ ಪ್ರಶ್ನಿಸಿ ಪರೀಕ್ಷಿಸುವುದೇ ಯುನಾನಿ ಪರಂಪರೆಯ ಹಿರಿಮೆ. ಸುಮಾರು ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಔಷಧ ಪರೀಕ್ಷೆಗೆ 7 ನಿಯಮಗಳನ್ನು ವಿಧಿಸಿದ್ದರು. ಔಷಧದ ಪರಿಣಾಮವು ಮತ್ತೆ ಮತ್ತೆ ಕಾಣಬೇಕು; ಮನುಷ್ಯರ ಮೇಲೆಯೇ ಪರೀಕ್ಷೆ ನಡೆಯಬೇಕು, ಸಿಂಹ ಅಥವಾ ಕುದುರೆಯ ಮೇಲಿನ ಫಲ ಸಾಲದು ಎಂಬುವು ಅವುಗಳಲ್ಲಿ ಸೇರಿವೆ.

ಈ ಒರೆಗಲ್ಲಿಗೆ ಎರಡು ಪ್ರಸಿದ್ಧ ಮೂಲಿಕೆಗಳನ್ನು ಹಚ್ಚಿ ನೋಡೋಣ. ನೆಗ್ಗಿಲು ಪ್ರಾಣಿಗಳ ಮೇಲಿನ ಕೆಲವು ಪ್ರಯೋಗಗಳಲ್ಲಿ ಟೆಸ್ಟೋಸ್ಟೆರಾನನ್ನು ಹೆಚ್ಚಿಸಿತ್ತು. ಆದರೆ 2005ರಲ್ಲಿ ಪ್ರಕಟವಾದ, 21 ಆರೋಗ್ಯವಂತ ಯುವಕರ ಮೇಲಿನ ಅಧ್ಯಯನದಲ್ಲಿ ಹಾರ್ಮೋನಿನ ಮಟ್ಟ ಏರಲಿಲ್ಲ. ಅಶ್ವಗಂಧದ ವಿಷಯ ತುಸು ಆಶಾದಾಯಕ. 40ರಿಂದ 70 ವರ್ಷದ ಸ್ಥೂಲಕಾಯದ ಪುರುಷರ ಕುರಿತ 2019ರ ಅಧ್ಯಯನದಲ್ಲಿ, ಔಷಧವಿಲ್ಲದ ಹುಸಿಗುಳಿಗೆ ಸೇವಿಸಿದ ಅವಧಿಗಿಂತ ಅಶ್ವಗಂಧ ಸೇವಿಸಿದ ಅವಧಿಯಲ್ಲಿ ಟೆಸ್ಟೋಸ್ಟೆರಾನ್ ಶೇ. 15ರ ಆಸುಪಾಸು ಅಧಿಕವಾಗಿತ್ತು. ಆದರೆ ಆಯಾಸದಲ್ಲಾಗಲಿ ಲೈಂಗಿಕ ಸ್ವಾಸ್ಥ್ಯದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಂಕಿ ಏರಿತು, ಬಾಧೆ ಉಳಿಯಿತು. ಅಪರೂಪಕ್ಕೆ ಅದರಿಂದ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ.

ಇದಕ್ಕಿಂತ ದೊಡ್ಡ ಅಪಾಯವು ಮೂಲಿಕೆಯ ಹೆಸರಿನ ಮರೆಯಲ್ಲಿದೆ. ‘ಗಿಡಮೂಲಿಕೆ’ ಎಂದು ಮಾರುವ ಪುರುಷಶಕ್ತಿಯ ಉತ್ಪನ್ನಗಳಲ್ಲಿ ಗುಟ್ಟಾಗಿ ಬೆರೆಸಿದ ಸಿಲ್ಡೆನಾಫಿಲ್ ಮಾತ್ರೆಯ ಅಂಶವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹಲವು ಬಾರಿ ಪತ್ತೆಹಚ್ಚಿದೆ. ಎದೆನೋವಿಗೆ ನೈಟ್ರೇಟ್ ಸೇವಿಸುವವರು ಇದನ್ನು ತಿಳಿಯದೆ ತಿಂದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಎರವಾಗಬಹುದು.

ಚಿಕಿತ್ಸೆ ಪಡೆಯಿರೆಂದು ಬೋಧಿಸಿದ ಪ್ರವಾದಿ(ಸ)ರು, ವೈದ್ಯಜ್ಞಾನವಿಲ್ಲದೆ ಚಿಕಿತ್ಸೆ ನೀಡುವವನೇ ಹಾನಿಗೆ ಹೊಣೆ ಎಂದೂ ಎಚ್ಚರಿಸಿದ್ದಾರೆ. ಆದುದರಿಂದ ನಾವು ಮೂಲಿಕೆಯನ್ನು ಹಳಿಯುವುದಿಲ್ಲ, ಕುರುಡು ನಂಬಿಕೆಯನ್ನು ಒಪ್ಪುವುದಿಲ್ಲ. ಮೊದಲು ಬೆಳಗಿನ ಹೊತ್ತು ರಕ್ತಪರೀಕ್ಷೆ ಮಾಡಿಸೋಣ. ಮಟ್ಟ ಕಡಿಮೆಯಿದ್ದರೆ ಇನ್ನೊಂದು ಬೆಳಗ್ಗೆ ಮತ್ತೆ ಪರೀಕ್ಷಿಸೋಣ. ಬೊಜ್ಜು, ಸಕ್ಕರೆ ಕಾಯಿಲೆಗಳಿಂದಲೂ ಈ ಹಾರ್ಮೋನು ತಗ್ಗುತ್ತದೆ. ಮೂಲವನ್ನು ಬಿಟ್ಟು ಚೂರ್ಣವನ್ನು ನೆಕ್ಕಿದರೆ ಫಲವೇನು? ಪದವೀಧರ ಹಕೀಮರನ್ನೇ ಕಾಣುವುದಾದರೆ, ಔಷಧದಲ್ಲಿ ಏನೇನಿದೆ ಎಂದು ಕೇಳೋಣ, ಈಗಾಗಲೇ ಸೇವಿಸುತ್ತಿರುವ ಮಾತ್ರೆಗಳನ್ನು ತೋರಿಸೋಣ. ಶರೀರವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಲಜ್ಜೆಯ ನೆಪದಲ್ಲಿ ಅದನ್ನು ಹಾಳುಗೆಡವುವ ಹಕ್ಕು ನಮಗಿಲ್ಲ.