ಹ್ಯಾಶ್ ಮಾಡಿದ್ದೇವೆ ಅಂದರೆ ಸಾಕೆ?

ಆಧಾರ್ ಸಂಖ್ಯೆಯಲ್ಲಿ 12 ಅಂಕಿಗಳಿವೆ. ಮೊದಲನೆಯದು 0 ಅಥವಾ 1 ಆಗಿರುವುದಿಲ್ಲ. ಕೊನೆಯದು ಉಳಿದ 11ರಿಂದ ಲೆಕ್ಕ ಹಾಕಿ ಸೇರಿಸಿದ ತಾಳೆ ಅಂಕಿ. ಹಾಗಾಗಿ ಸಾಧ್ಯವಿರುವ ಸಂಖ್ಯೆಗಳು 8,000 ಕೋಟಿ. ಗೇಮ್ ಆಡುವವರು ಕೊಳ್ಳುವ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ಸುಮಾರು 2,200 ಕೋಟಿ ಎಸ್‌ಎಚ್‌ಎ-256 ಹ್ಯಾಶ್‌ಗಳನ್ನು ಹಾಕುತ್ತದೆ. ಭಾಗಿಸಿ ನೋಡಿ, ನಾಲ್ಕು ಸೆಕೆಂಡೂ ಬೇಡ. ಮೊಬೈಲ್ ಸಂಖ್ಯೆಗಳಂತೂ ಹೆಚ್ಚೆಂದರೆ 400 ಕೋಟಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಹ್ಯಾಶ್ ಅಂದರೆ ಕಡತದ ಬೆರಳಚ್ಚು. ಅದರಿಂದ ಮೂಲವನ್ನು ಮರಳಿ ಪಡೆಯಲಾಗದು ಎಂಬುದು ಅದರ ಖ್ಯಾತಿ. ನಿಜವೇ. ಆದರೆ ಸಾಧ್ಯತೆಗಳು ಎಣಿಕೆಗೆ ಸಿಗುವಷ್ಟೇ ಇದ್ದರೆ ಹಿಂದಕ್ಕೆ ಹೋಗುವ ಗೊಡವೆಯೇಕೆ? ಎಲ್ಲಕ್ಕೂ ಹ್ಯಾಶ್ ಹಾಕಿ ತಾಳೆ ನೋಡಿದರಾಯಿತು.

ಹ್ಯಾಶ್‌ನ ವೇಗದ ಒಳಗುಟ್ಟು ಸ್ವಾರಸ್ಯಕರ. ಎಸ್‌ಎಚ್‌ಎ-256 ಕಡತವನ್ನು 64 ಬೈಟ್‌ಗಳ ತುಂಡು ಮಾಡಿಕೊಂಡು, ಒಂದರ ಫಲವನ್ನು ಮುಂದಿನದಕ್ಕೆ ಸೇರಿಸುತ್ತ ಹೋಗುತ್ತದೆ. ಹೂ ಕಟ್ಟುವ ಹಾಗೆ: ಹಿಂದಿನ ಗಂಟು ಬೀಳದೆ ಮುಂದಿನ ಹೂವಿಗೆ ಜಾಗವಿಲ್ಲ. ಪಕ್ಕದಲ್ಲಿ ಇನ್ನೂ ಹದಿನೈದು ಜನ ಕೂತಿದ್ದರೂ ಅದೇ ಮಾಲೆಗೆ ಕೈಹಾಕುವಂತಿಲ್ಲ. 2020ರ ಜನವರಿಯಲ್ಲಿ ಬಂದ ಬ್ಲೇಕ್3 ಎಂಬ ಹ್ಯಾಶ್ ವಿಧಾನ ಈ ಕಟ್ಟನ್ನೇ ಬಿಚ್ಚಿತು. 1,024 ಬೈಟ್‌ಗಳ ತುಂಡುಗಳನ್ನು ಬೇರೆಬೇರೆಯಾಗಿ ಹ್ಯಾಶ್ ಮಾಡಿ, ಎರಡೆರಡನ್ನು ಜೋಡಿಸುತ್ತ ಮರದ ಆಕಾರದಲ್ಲಿ ಮೇಲೇರುತ್ತದೆ. ಒಬ್ಬೊಬ್ಬರು ಒಂದೊಂದು ಮೊಳ ಕಟ್ಟಿ, ಆಮೇಲೆ ತುದಿಗೆ ತುದಿ ಗಂಟು ಹಾಕಿದಂತೆ. ಮರದ ಈ ಉಪಾಯ ಗೂಢಲಿಪಿ ತಜ್ಞ ರಾಲ್ಫ್ ಮರ್ಕಲ್ ಅವರದು, 1979ರಷ್ಟು ಹಳೆಯದು. ಬ್ಯಾಕಪ್ ಸರಿಯಿದೆಯೇ, ಇಳಿಸಿಕೊಂಡ ತಂತ್ರಾಂಶ ಕಲಬೆರಕೆಯಾಗಿದೆಯೇ ಎಂದು ನೋಡಲು ಇಂಥ ವೇಗ ಬೇಕೇಬೇಕು.

ಆದರೆ ಕಳ್ಳನಿಗೆ ಉದ್ದನೆಯ ಮಾಲೆ ಬೇಕಿಲ್ಲ. ಅವನು ಹುಡುಕುವುದು ಒಂದಕ್ಕೊಂದು ಸಂಬಂಧವಿಲ್ಲದ ಕೋಟಿಗಟ್ಟಲೆ ಬಿಡಿಹೂಗಳನ್ನು. ಅವನ ಕೆಲಸ ಹುಟ್ಟಿನಿಂದಲೇ ಸಾವಿರಾರು ಕೋರ್‌ಗಳಿಗೆ ಹಂಚಲು ಬರುವಂಥದ್ದು, ಬ್ಲೇಕ್3ಕ್ಕಾಗಿ ಕಾಯಬೇಕಿರಲಿಲ್ಲ. 2012ರಲ್ಲೇ 25 ಗ್ರಾಫಿಕ್ಸ್ ಪ್ರೊಸೆಸರ್‌ಗಳ ಒಂದು ಜೋಡಣೆ, ವಿಂಡೋಸ್ ಬಳಸುವ ಎನ್‌ಟಿಎಲ್‌ಎಂ ಹ್ಯಾಶ್ ಮೇಲೆ ಸೆಕೆಂಡಿಗೆ 35,000 ಕೋಟಿ ಊಹೆಗಳನ್ನು ಪರೀಕ್ಷಿಸಿ ತೋರಿಸಿತ್ತು. ಎಂಟಕ್ಷರದ ಯಾವ ಪಾಸ್‌ವರ್ಡೂ ಅದರ ಮುಂದೆ ಐದೂವರೆ ಗಂಟೆ ಮೀರಿ ನಿಲ್ಲದು.

ಇದಕ್ಕೆ ಮದ್ದು, ಬೇಕೆಂದೇ ನಿಧಾನವಾಗಿ ನಡೆಯುವ ಹ್ಯಾಶ್. 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆ ಗೆದ್ದ ಆರ್ಗನ್2 ಪ್ರತಿ ಊಹೆಗೂ ದೊಡ್ಡ ಮೆಮೊರಿ ಕೇಳುತ್ತದೆ. ಅದನ್ನು 64 ಎಂಬಿಗೆ ಇಟ್ಟರೆ, 16,384 ಕೋರ್‌ಗಳಿರುವ ಮೇಲಿನ ಕಾರ್ಡಿನ 24 ಜಿಬಿಯಲ್ಲಿ ಏಕಕಾಲಕ್ಕೆ ಹಿಡಿಸುವುದು ಹೆಚ್ಚೆಂದರೆ 384 ಊಹೆಗಳು. ಮಿಕ್ಕ ಕೋರ್‌ಗಳು ಕೈಕಟ್ಟಿ ಕೂರಬೇಕು. ಆ ಸ್ಪರ್ಧೆಗೆ ಚಾಲನೆ ಕೊಟ್ಟ ಜಾನ್-ಫಿಲಿಪ್ ಒಮಾಸೋನ್ ಅವರೇ ಬ್ಲೇಕ್3ರ ನಿರ್ಮಾತೃಗಳಲ್ಲೂ ಒಬ್ಬರು. ಎಲ್ಲಿ ಓಡಬೇಕು, ಎಲ್ಲಿ ತೆವಳಬೇಕು ಎಂಬ ಲೆಕ್ಕ ಪರಿಣತರಿಗೆ ಗೊತ್ತಿದೆ.

ಗೊತ್ತಿಲ್ಲದಂತೆ ನಟಿಸುವುದು ವ್ಯಾಪಾರ. ಫೋನ್ ಸಂಖ್ಯೆಗಳಿರುವ ಗ್ರಾಹಕರ ಪಟ್ಟಿಗಳು ಎಸ್‌ಎಚ್‌ಎ-256 ಹಾಕಿಸಿಕೊಂಡು ಜಾಹೀರಾತು ವೇದಿಕೆಗಳಿಗೆ ಹೋಗುತ್ತವೆ; ಹ್ಯಾಶ್ ಆಗಿದೆ, ಹೆದರಬೇಡಿ ಎನ್ನುತ್ತದೆ ಗೌಪ್ಯತಾ ಪುಟ. ಹ್ಯಾಶ್ ಮಾಡಿದ ಮಾತ್ರಕ್ಕೆ ಮಾಹಿತಿ ಅನಾಮಧೇಯವಾಗದು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಜುಲೈಯಲ್ಲಿ ಎಚ್ಚರಿಸಿತ್ತು. 2023ರ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ವಿಚಾರಣೆ ನಡೆಸುವವರೂ ಈ ಸಬೂಬನ್ನು ಒಪ್ಪಬಾರದು. ಯಾವ ಹ್ಯಾಶ್, ಯಾವ ಸಂಖ್ಯೆಗೆ, ರಹಸ್ಯ ಕೀಲಿ ಬಳಸಿದ್ದರೆ ಅದು ಎಲ್ಲಿದೆ ಎಂದು ಕೇಳಬೇಕು. ಸಾಲ್ಟ್ (ಹ್ಯಾಶ್ ಹಾಕುವ ಮುನ್ನ ಪ್ರತಿ ಸಂಖ್ಯೆಗೂ ಸೇರಿಸುವ ಬೇರೆಬೇರೆ ಯಾದೃಚ್ಛಿಕ ಅಕ್ಷರಗಳು) ಬೆರೆಸಿದ್ದೇವೆ ಎಂಬ ಉತ್ತರವೂ ಇಲ್ಲಿ ಸಾಲದು: ಸಾಲ್ಟ್ ಹ್ಯಾಶ್‌ನ ಪಕ್ಕದಲ್ಲೇ ಇರುವುದರಿಂದ, ಅದು ಸೋರಿದರೆ ಪ್ರತಿ ಆಧಾರ್‌ಗೂ ಮತ್ತೆ ಅದೇ ನಾಲ್ಕು ಸೆಕೆಂಡು, ಅಷ್ಟೆ. ಆಧಾರ್ ಪ್ರಾಧಿಕಾರ 2017ರಲ್ಲೇ ಸಂಖ್ಯೆಗಳನ್ನು ಪ್ರತ್ಯೇಕ ಖಜಾನೆಯಲ್ಲಿ ಗೂಢಲಿಪೀಕರಿಸಿ ಇಡಬೇಕು, ಕೀಲಿ ಬೇರೆ ಯಂತ್ರದಲ್ಲಿರಬೇಕು ಎಂದು ಸೂಚಿಸಿದ್ದು ಇದಕ್ಕೇ. ಕೀಲಿ ಕೈಗೆ ಸಿಗದವನು 8,000 ಕೋಟಿ ಸಲ ಲೆಕ್ಕ ಹಾಕಿದರೂ ತಾಳೆ ನೋಡಲು ಏನೂ ಇರುವುದಿಲ್ಲ.