ಮೇಲಕ್ಕೆ ಹಾರಿಸಿದ ಗುಂಡು ಎಲ್ಲಿಗೆ ಹೋಗುತ್ತೆ?

(1/5)
ಕ್ಲಾಸ್ ಗ್ರೂಪಲ್ಲಿ ಬಂದ ಆ ಮದುವೆ ವಿಡಿಯೋ ನೀವೂ ನೋಡಿರ್ತೀರಾ. ಮದುಮಗನ ಕಡೆಯವನೊಬ್ಬ ಪಿಸ್ತೂಲ್ ಎತ್ತಿ ಆಕಾಶಕ್ಕೆ ನಾಲ್ಕು ಗುಂಡು ಹಾರಿಸ್ತಾನೆ, ಸುತ್ತ ಇರೋರು ಶಿಳ್ಳೆ ಹಾಕ್ತಾರೆ. ಕೆಳಗೆ ಬೆಂಕಿ ಎಮೋಜಿಗಳ ಸಾಲು. ‘ಇದು ಡೇಂಜರ್ ಅಲ್ವಾ?’ ಅಂತ ಕೇಳಿದ್ದಕ್ಕೆ ನನಗೆ ಸಿಕ್ಕಿದ ಉತ್ತರ: ‘ಮೇಲಕ್ಕೆ ತಾನೇ ಮಗಾ ಹೊಡೆದಿದ್ದು, ಯಾರಿಗೇನಾಗತ್ತೆ?’ ಅದಕ್ಕೆ ಹದಿನೇಳು ಲೈಕ್! ಗ್ರೂಪಲ್ಲಿ ಜಗಳ ಬೇಡ ಅಂತ ಇಲ್ಲಿ ಬರೀತಿದ್ದೀನಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

(2/5)
ನಮ್ಮ ತಲೆ ಕೆಡಿಸಿರೋದು ಸಿನಿಮಾ. ಹೀರೋ ಒಂದು ಗುಂಡು ಹೊಡೀತಾನೆ, ವಿಲನ್ ಹತ್ತಡಿ ಹಾರಿ ಗಾಜು ಒಡ್ಕೊಂಡು ಬೀಳ್ತಾನೆ. ಬಿಕಾಂ ಓದೋ ನಮಗೇ ಮೊದಲು ಅನುಮಾನ ಬರಬೇಕಿತ್ತು. ಪ್ರತಿ ಡೆಬಿಟ್‌ಗೂ ಅಷ್ಟೇ ಮೊತ್ತದ ಕ್ರೆಡಿಟ್ ಇರಬೇಕು ತಾನೇ? ನ್ಯೂಟನ್‌ನ ಮೂರನೇ ನಿಯಮವೂ ಅದೇ ಲೆಕ್ಕ. ಮದ್ದು ಉರಿದು ಹುಟ್ಟಿದ ಅನಿಲ ಗುಂಡನ್ನು ಮುಂದಕ್ಕೆ ಎಷ್ಟು ತಳ್ಳುತ್ತೋ ಬಂದೂಕನ್ನು ಹಿಂದಕ್ಕೂ ಅಷ್ಟೇ ತಳ್ಳುತ್ತೆ. ವಿಲನ್ ಹತ್ತಡಿ ಹಾರಿದರೆ ಹೀರೋನೂ ಹಿಂದಕ್ಕೆ ಹತ್ತಡಿ ಹಾರಬೇಕು.

9 ಎಂಎಂ ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 360 ಮೀಟರ್. ಗುಣಿಸಿದರೆ ಸಂವೇಗ 3ರ ಹತ್ತಿರ. ಟಿನ್ ಫ್ಯಾಕ್ಟರಿ ಸ್ಟಾಪಲ್ಲಿ 500ಡಿ ಬಸ್ಸು ಹಿಡಿಯೋಕೆ ಓಡ್ತಾ ಬಂದು ನಿಮಗೆ ಗುದ್ದುವ 60 ಕೆಜಿ ಮನುಷ್ಯನದು 120! ಅಂದ್ರೆ ತಳ್ಳೋ ವಿಷಯಕ್ಕೆ ಬಂದ್ರೆ ಅವನೊಬ್ಬ ನಲವತ್ತು ಗುಂಡಿಗೆ ಸಮ.

(3/5)
ಹಾಗಾದ್ರೆ ಗುಂಡು ಯಾಕೆ ಕೊಲ್ಲುತ್ತೆ, ಬಸ್ಸಿಗೆ ಓಡೋನು ಯಾಕೆ ಕೊಲ್ಲಲ್ಲ? ಶಕ್ತಿಯ ಲೆಕ್ಕದಲ್ಲಿ ವೇಗಕ್ಕೆ ವರ್ಗ ಬರುತ್ತೆ. ಓಡೋನದು 120 ಜೌಲ್, ಗುಂಡಿನದು 500ಕ್ಕೂ ಹೆಚ್ಚು, ಅದೂ ಬೆರಳ ತುದಿಯಷ್ಟು ಜಾಗದ ಮೇಲೆ. ಅದು ತಳ್ಳೋದಿಲ್ಲ, ತೂರುತ್ತೆ.

(ಕೆಜಿಎಫ್ 2ರಲ್ಲಿ ಯಶ್ ಕೆಂಪಗೆ ಕಾದ ನಳಿಗೆಯಲ್ಲಿ ಸಿಗರೇಟ್ ಹಚ್ಚೋದನ್ನ ಮಾತ್ರ ನಾನು ಆಡಿಕೊಳ್ಳಲ್ಲ. ಮದ್ದಿನ ಶಕ್ತಿಯಲ್ಲಿ ಗುಂಡಿಗೆ ಹೋಗೋದು ಹೆಚ್ಚು ಕಡಿಮೆ ಮೂರನೇ ಒಂದು ಪಾಲು. ಉಳಿದದ್ದು ಬಿಸಿ ಅನಿಲ, ಕಾದ ನಳಿಗೆ.)

(4/5)
ಈಗ ಆಕಾಶ. ಗುಂಡು ನಳಿಗೆ ಬಿಟ್ಟ ಕ್ಷಣದಿಂದ ಭೂಮಿ ಅದನ್ನ ಎಳೀತಾನೇ ಇರುತ್ತೆ. ಗಾಳಿಯೇ ಇಲ್ಲದಿದ್ರೆ ಅದು ಹೋದ ವೇಗದಲ್ಲೇ ವಾಪಸ್ ಬರ್ತಿತ್ತು. ಗಾಳಿ ಇರೋದ್ರಿಂದ ಕಡಿಮೆ ಆಗುತ್ತೆ, ಆದರೆ ಸೊನ್ನೆ ಆಗಲ್ಲ. ನೂರು ವರ್ಷದ ಹಿಂದೆ ಅಮೆರಿಕದ ಸೇನೆಯವರು ರೈಫಲ್ ಗುಂಡನ್ನ ನೇರ ಮೇಲಕ್ಕೆ ಹಾರಿಸಿ ನೋಡಿದ್ರು. ಬೀಳುವಾಗ ಸೆಕೆಂಡಿಗೆ ಸುಮಾರು 90 ಮೀಟರ್, ಅಂದ್ರೆ ಗಂಟೆಗೆ 320 ಕಿ.ಮೀ. ತಲೆಬುರುಡೆಗೆ ಅಷ್ಟು ಸಾಕು.

ಅದೂ ನೆಟ್ಟಗೆ ಹೊಡೆದಾಗ. ಕುಣೀತಾ ಇರೋ ಕೈ ನೆಟ್ಟಗೆ ಎಲ್ಲಿರುತ್ತೆ? ಓರೆಯಾಗಿ ಹೋದ ಗುಂಡು ಇನ್ನೂ ಹೆಚ್ಚು ವೇಗ ಉಳಿಸ್ಕೊಂಡು ಒಂದೂವರೆ ಕಿ.ಮೀ. ದಾಟಿ ಬೀಳಬಹುದು. ಟಿನ್ ಫ್ಯಾಕ್ಟರಿ ಫ್ಲೈಓವರ್ ಕೆಳಗೆ ನಿಂತು ಲೆಕ್ಕ ಹಾಕಿ: ಬೆನ್ನಿಗಾನಹಳ್ಳಿ ಮೆಟ್ರೋ, ಕಸ್ತೂರಿನಗರದ ಟೆರೇಸುಗಳು, ಕೆ.ಆರ್. ಪುರದ ತೂಗುಸೇತುವೆ ಎಲ್ಲವೂ ಅಷ್ಟರೊಳಗೇ. ಸಂಜೆ ಏಳಕ್ಕೆ ಇಲ್ಲಿ ಖಾಲಿ ಜಾಗ ತೋರಿಸಿ ನೋಡೋಣ. ಪೋರ್ಟೊ ರಿಕೊದಲ್ಲಿ 2004ರ ಹೊಸ ವರ್ಷದ ಸಂಭ್ರಮದಲ್ಲಿ ಹೀಗೆ ಬಿದ್ದ ಗುಂಡುಗಳಿಗೆ 19 ಜನ ಗಾಯಗೊಂಡರು, ಒಬ್ಬರು ಸತ್ತರು. ಅವರು ಯಾರ ಪಾರ್ಟಿಯಲ್ಲೂ ಇರಬೇಕಾಗಿರಲಿಲ್ಲ.

(5/5)
‘ಕೊಡಗಲ್ಲಿ ಹೊಡೀತಾರಲ್ಲ’ ಅಂತ ಒಬ್ಬಳು ಕೇಳಿದಳು. ಕೈಲ್‌ಪೋಳ್ದ್‌ನಲ್ಲಿ ಅವರು ಹೊಡೆಯೋದು ತೆಂಗಿನಕಾಯಿಗೆ. ಅಲ್ಲಿ ಗುರಿ ಇದೆ, ತಪ್ಪಿದರೆ ಸೋಲು. ಆ ವಿಡಿಯೋದವನ ಗುರಿ ಯಾವುದು, ಮೊಬೈಲ್ ಕ್ಯಾಮೆರಾನಾ?

ಕಾನೂನೂ ಗೊತ್ತಿರಲಿ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಪ್ರಕಾರ, ಸಂಭ್ರಮಕ್ಕೆ ಅಂತ ಗುಂಡು ಹಾರಿಸಿ ಬೇರೆಯವರ ಪ್ರಾಣ ಅಪಾಯಕ್ಕೆ ಒಡ್ಡಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ಇದ್ದರೂ ಅಷ್ಟೇ.

ಲೈಕ್ ಒತ್ತಿದ ಹದಿನೇಳು ಜನಕ್ಕೂ ಕೇಳ್ತೀನಿ: ಆ ನಾಲ್ಕು ಗುಂಡು ಎಲ್ಲಿ ಬಿದ್ವು? ವಿಡಿಯೋ ಅದಕ್ಕೂ ಮೊದಲೇ ಮುಗಿದುಹೋಗಿದೆ.

#ಟಿನ್‌ಫ್ಯಾಕ್ಟರಿ #ಬಿಕಾಂಫಿಸಿಕ್ಸ್