ಗೂಟದ ಹಿಂದಿನ ಆಟಗಾರ

ನಮ್ಮ ಕಡೆಯ ಕ್ರಿಕೆಟ್ಟಿನಲ್ಲಿ ವಿಕೆಟ್ ಕೀಪರನ ಕೆಲಸ ಯಾರಿಗೂ ಬೇಡವಾದದ್ದು. ಸಿರುಗುಪ್ಪದ ಕೊಯ್ಲಾದ ಭತ್ತದ ಗದ್ದೆಯಿರಲಿ, ಕುರುಗೋಡಿನ ಗುಡ್ಡದ ಕೆಳಗಿನ ಬಯಲಿರಲಿ, ಬ್ಯಾಟೂ ಬಾರದ ಬಾಲೂ ಬಾರದ ಹುಡುಗನನ್ನು ಗೂಟದ ಹಿಂದೆ ನಿಲ್ಲಿಸುವುದು ರೂಢಿ. ಈ ರೂಢಿ ತಪ್ಪೆಂಬುದಕ್ಕೆ ನಮ್ಮ ನಾಡಿನವರೇ ಆದ ಬುಧಿ ಕುಂದರನ್ ಸಾಕ್ಷಿ.

1939ರಲ್ಲಿ ಮೂಲ್ಕಿಯಲ್ಲಿ ಜನಿಸಿದ ಕುಂದರನ್, ರಣಜಿ ಟ್ರೋಫಿಯ ಒಂದು ಪಂದ್ಯವನ್ನೂ ಆಡದೆಯೇ 1960ರ ಜನವರಿಯಲ್ಲಿ ಮುಂಬಯಿಯಲ್ಲಿ ಆಸ್ಟ್ರೇಲಿಯದೆದುರು ಟೆಸ್ಟ್ ಆಡಿದರು. ಹಿಂದಿನ ದಾಖಲೆ ಕೇಳದೆ ಆಟವನ್ನು ನೋಡಿ ಆರಿಸಿದ್ದರ ಫಲ 1964ರ ಜನವರಿಯಲ್ಲಿ ಕಾಣಿಸಿತು. ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಅವರು 192 ರನ್ ಬಾರಿಸಿದರು. ಐದು ಟೆಸ್ಟುಗಳ ಆ ಸರಣಿಯಲ್ಲಿ ಒಟ್ಟು 525. 2013ರಲ್ಲಿ ಧೋನಿ 224 ಹೊಡೆಯುವವರೆಗೆ ಭಾರತದ ಯಾವ ವಿಕೆಟ್ ಕೀಪರನೂ ಆ 192ನ್ನು ದಾಟಲಿಲ್ಲ.

ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಆಸ್ಟ್ರೇಲಿಯ ತಂಡ ಬಂದಾಗ ಕೈಗವಸು ಇಂದ್ರಜಿತ್‌ಸಿಂಹಜಿಯವರ ಪಾಲಾಯಿತು. ಆಮೇಲೆ ಫರೂಕ್ ಇಂಜಿನಿಯರ್ ಅವರೊಡನೆ ಪೈಪೋಟಿ. ಚೆಂಡು ಹಿಡಿಯುವುದರಲ್ಲಿ ಇತರರೇ ಮೇಲೆಂದು ವಾದಿಸುವವರಿದ್ದಾರೆ, ಇರಬಹುದು. ಆದರೂ 525 ರನ್ ಗಳಿಸಿದವನಿಗೆ ಮುಂದಿನ ಸರಣಿಯಲ್ಲಿ ಸ್ಥಳ ಖಚಿತವಿಲ್ಲವೆಂದರೆ ನ್ಯಾಯವೆಲ್ಲಿ? 1967ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ, ವಿಕೆಟ್ ಕೀಪರನೆಂದೇ ಹೆಸರಾದ ಅವರಿಂದ ಹೊಸ ಚೆಂಡಿನ ಬೌಲಿಂಗನ್ನೂ ಮಾಡಿಸಿದರು. ಅದೇ ಅವರ ಕೊನೆಯ ಟೆಸ್ಟ್; ವಯಸ್ಸು ಇನ್ನೂ ಇಪ್ಪತ್ತೇಳು. 18 ಟೆಸ್ಟ್, 981 ರನ್. ಬಳಿಕ ಸ್ಕಾಟ್ಲೆಂಡಿಗೆ ಹೋಗಿ ವೃತ್ತಿ ಆಟಗಾರರಾದರು, ಆ ದೇಶದ ಪರವಾಗಿಯೂ ಆಡಿದರು. 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು.

ಮಿತ್ರರೇ, ಈ ಜೀವನದಿಂದ ಕಲಿಯಬೇಕಾದದ್ದು ಎರಡಿದೆ. ದಾಖಲೆಯಿಲ್ಲವೆಂದು ಬಾಗಿಲು ಮುಚ್ಚಬಾರದು. ದಾಖಲೆ ಮಾಡಿದವನನ್ನು ಬೇಗನೆ ಮರೆಯಬಾರದು. ಬಳ್ಳಾರಿಗೆ ಬಸ್ಸಿನಲ್ಲಿ ಬರುವ ಹಳ್ಳಿಯ ಹುಡುಗನನ್ನು ಆಯ್ಕೆಯ ದಿನ ಮೊದಲು ಕೇಳುವುದು “ಸರ್ಟಿಫಿಕೇಟ್ ಎಲ್ಲಿ?” ಎಂದು. ಅವನ ಶಾಲೆಗೆ ಮೈದಾನವೇ ಇರದಿದ್ದರೆ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತೋರಿಸಲು ಏನೂ ಇಲ್ಲದವನಿಗೆ ಒಂದು ಅವಕಾಶದ ಬೆಲೆ ಎಷ್ಟೆಂಬುದನ್ನು ನಾನು ಬಲ್ಲೆ.

ಆದ್ದರಿಂದ ಅಧ್ಯಾಪಕ ವರ್ಗದಲ್ಲಿ ನನ್ನ ವಿನಂತಿ ಇಷ್ಟೇ. ಬರುವ ವರ್ಷ ಆಯ್ಕೆಗೆ ಮೂರು ದಿನ ಮೀಸಲಿಡಿ. ಬಂದವರಿಗೆಲ್ಲ ಬ್ಯಾಟನ್ನೂ ಕೈಗವಸನ್ನೂ ಕೊಟ್ಟು ನೋಡಿ. ಕಾಗದವನ್ನು ಆಮೇಲೆ ಕೇಳಿದರಾಯಿತು.